ಹಡಗು ನಿಂತ ಹೊತ್ತಿನಲ್ಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹುಡುಗರು ಕ್ರೂಸ್ ಹಡಗಿನ ಕೆಲಸಕ್ಕೆ ಹೋಗುವುದು ಈಗ ಸುದ್ದಿಯೇ ಅಲ್ಲ. ಹುಡುಗಿಯರೂ ಹೋಗುತ್ತಾರೆ. ಅಡುಗೆಮನೆ, ಬಾರು, ಲಾಂಡ್ರಿ, ಕ್ಯಾಬಿನ್ ಗುಡಿಸುವುದು, ಹೀಗೆ ಹತ್ತು ಬಗೆಯ ಕೆಲಸ. ರಜೆಗೆ ಬಂದಾಗ ಕೇಳಿದರೆ ಭೂಪಟದ ಅರ್ಧ ಬಂದರುಗಳ ಹೆಸರು ಹೇಳುತ್ತಾರೆ. "ಅಲ್ಲ್ ಎಂತ ಕಂಡೆ ಮಗಾ?" ಎಂದರೆ ಬಂದರಿನ ಬಾಗಿಲಲ್ಲಿ ವೈಫೈ ಸಿಗುವ ಅಂಗಡಿಯ ಸುದ್ದಿ ಬರುತ್ತದೆ. ಹಡಗು ಮುಂಬಯಿಯಲ್ಲಿ ನಿಂತಾಗ ಏನು ಮಾಡಿದೆ ಎಂದು ಕೇಳಿದರೆ, "ಇಳೀಲಿಲ್ಲ, ಮಲಗಿದೆ. ಆ ಸೆಕೆ, ಆ ಜನ, ಯಾರಿಗೆ ಬೇಕು?" ಈ ಮಾತನ್ನು ಒಬ್ಬರಿಂದಲ್ಲ, ಹಲವರಿಂದ ಕೇಳಿದ್ದೇನೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಿದ್ದೆ ಬೇಡ ಎನ್ನುವುದಿಲ್ಲ. ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ಇನ್ನೊಬ್ಬನ ಗೊರಕೆಯ ಜೊತೆ ತಿಂಗಳುಗಟ್ಟಲೆ ಮಲಗಿ, ವಾರದ ರಜೆಯೆಂಬುದೇ ಇಲ್ಲದೆ ದುಡಿಯುವವನಿಗೆ ಮಧ್ಯಾಹ್ನದ ಮೂರು ಗಂಟೆಯ ನಿದ್ದೆ ಏನೆಂದು ನಾನು ಬಲ್ಲೆ. ಹೋಟೆಲ್ ಕೆಲಸ ಮಾಡಿದವನೇ ನಾನೂ. ಹಡಗು ಬಂದರಿನಲ್ಲಿದ್ದರೂ ಸಿಬ್ಬಂದಿಯ ಒಂದು ಪಾಲು ಒಳಗೇ ಇರಬೇಕೆಂಬ ನಿಯಮವಿದೆ. ಆ ದಿನದ ಪಾಳಿ ನಿನ್ನದಾದರೆ ಮಾತಿಲ್ಲ. ಪಾಳಿ ನಿನ್ನದಲ್ಲದಿದ್ದರೆ ಇಳಿ. 2006ರ ಕಡಲ ಕಾರ್ಮಿಕರ ಅಂತಾರಾಷ್ಟ್ರೀಯ ಒಡಂಬಡಿಕೆಯಲ್ಲಿ, ನಾವಿಕರ ಆರೋಗ್ಯ ಮತ್ತು ನೆಮ್ಮದಿಗಾಗಿ ಅವರಿಗೆ ದಡಕ್ಕಿಳಿಯುವ ಬಿಡುವು ಕೊಡಬೇಕೆಂದು ಬರೆದಿದ್ದಾರೆ. ಮೇಲ್ವಿಚಾರಕನ ಮುಂದೆ ತಲೆ ತುರಿಸಿಕೊಂಡು ಬೇಡಬೇಕಾದ ಉಪಕಾರ ಅದಲ್ಲ.

ನಮ್ಮ ಕಡೆಯವನಿಗೆ ಮುಂಬಯಿಯಲ್ಲಿ ಇಳಿಯಲು ಬೇರೊಂದು ಕಾರಣವೂ ಇದೆ. ಕೊಂಕಣ ರೈಲು ಉದ್ದಕ್ಕೂ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೂ ಬಹಳ ಹಿಂದೆ, ಹೊಳೆಗಳಿಗೆ ಸೇತುವೆಯಾಗದ ಕಾಲದಲ್ಲಿ, ಬೊಂಬಾಯಿಯ ದಾರಿ ಎಂದರೆ ಕಡಲು. ದಡದಿಂದ ದೋಣಿಯಲ್ಲಿ ಹೋಗಿ ಆಚೆ ಲಂಗರು ಹಾಕಿದ ಸ್ಟೀಮರ್ ಹತ್ತಿ, ಡೆಕ್ಕಿನಲ್ಲಿ ಚಾಪೆ ಬಿಚ್ಚಿ, ತಲೆ ಎತ್ತಲಾರದೆ ವಾಂತಿ ಮಾಡಿಕೊಂಡು, ಮಧ್ಯೆ ಮಧ್ಯೆ ಬುತ್ತಿಯ ಅವಲಕ್ಕಿ ಬಾಯಿಗೆ ಹಾಕಿಕೊಂಡು ಹೋದವರು ನಿನ್ನ ಅಜ್ಜನ ಕಾಲದವರು. ಹೋಗಿ ಕಪ್ಪು ತೊಳೆದರು, ಗಿರಣಿಗಳ ಕ್ಯಾಂಟೀನಿನಲ್ಲಿ ಚಾ ಹೊತ್ತರು, ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಾ ಓದಿ ಪಾಸಾದರು. ಮೊಗವೀರರು ಆ ಊರಿನಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡದ್ದು 1902ರಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು. ಅವರ ಮೊಮ್ಮಗ ನೀನು ಹತ್ತು ಹದಿನೈದು ಮಾಳಿಗೆಯ ಬಿಳಿ ಹಡಗಿನಲ್ಲಿ ಅದೇ ಬಂದರಿಗೆ ಬಂದು, ಪರದೆ ಎಳೆದು ಮಲಗಿ ಹೋದೆ ಎಂದರೆ ನನಗೆ ಕೊಂಚ ಸಿಟ್ಟು ಬರುತ್ತದೆ. ವಯಸ್ಸಾದವರ ಸಿಟ್ಟು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಹಡಗು ನಿಂತಲ್ಲಿ ಇಳಿದು ಊರು ನೋಡುವುದು ದುಡ್ಡಿದ್ದ ಬಿಳಿಯರ ಶೋಕಿ ಎಂದೂ ತಿಳಿಯಬೇಡ. 1342ರ ಸುಮಾರಿಗೆ ಪ್ರವಾಸಿ ಇಬ್ನ್ ಬತೂತ ಹೊನ್ನಾವರದ ಕಡೆಯಿಂದ ತೆಂಕಕ್ಕೆ ಹೋಗುತ್ತಾ ನಮ್ಮ ಬಸ್ರೂರನ್ನು ಕಂಡ. ಅಳಿವೆಯ ದಂಡೆಯಲ್ಲಿ ತೆಂಗು ತುಂಬಿದ ಸಣ್ಣ ಊರು ಎಂದ. ಅಲ್ಲಿಂದ ಮುಂದೆ ಬಾರ್ಕೂರು, ಅವನ ಬರಹದಲ್ಲಿ ಫಾಕನೂರ್. ಲಂಗರು ಬಿದ್ದದ್ದೇ ತಡ, ಅಲ್ಲಿನ ಅರಸ ತನ್ನ ಮಗನನ್ನೇ ಹಡಗಿಗೆ ಒತ್ತೆಯಾಗಿ ಕಳಿಸಿದ. ಆ ಧೈರ್ಯದ ಮೇಲೆ ಬತೂತನೂ ಜೊತೆಯವರೂ ಇಳಿದು ಮೂರು ದಿನ ಅರಮನೆಯ ಸತ್ಕಾರ ಪಡೆದರು. ಅಲ್ಲಿನ ಕಬ್ಬನ್ನು ಬತೂತ ಬಾಯಿ ತುಂಬ ಹೊಗಳಿದ್ದಾನೆ. ಅರಸನ ಹತ್ತಿರ ಮೂವತ್ತು ಯುದ್ಧದ ಹಡಗುಗಳಿದ್ದವಂತೆ. ದಾಟಿ ಹೋಗುವ ಹಡಗು ನಿಂತು ಕಾಣಿಕೆ ಕೊಡದಿದ್ದರೆ ಬೆನ್ನಟ್ಟಿ ಹಿಡಿದು ಇಮ್ಮಡಿ ವಸೂಲು ಮಾಡುತ್ತಿದ್ದರಂತೆ. ಆಮೇಲೆ 1665ರ ಫೆಬ್ರವರಿಯಲ್ಲಿ ಶಿವಾಜಿಯೇ ಹಡಗು ಪಡೆ ಕಟ್ಟಿಕೊಂಡು ಬಂದು ಬಸ್ರೂರನ್ನು ದೋಚಿದ. ಕಡಲ ಮೇಲೆ ಅಷ್ಟು ದೂರ ಬಂದು ದೋಚುವಷ್ಟು ಇತ್ತು ಎಂದಾಯಿತು. ಇವತ್ತು ಬಾರ್ಕೂರಿನಲ್ಲಿ ರೈಲು ಇಳಿದರೆ ಇದೆಲ್ಲ ಇಲ್ಲಿ ನಡೆಯಿತೇ ಎಂದು ಅನುಮಾನ ಬರುವಷ್ಟು ಮೌನ. ನಾನು ಹೇಳಲು ಹೊರಟದ್ದು ಇಷ್ಟು: ಕಡಲ ಕಡೆಯಿಂದ ಬಂದವರನ್ನು ಬಾಗಿಲಲ್ಲಿ ನಿಂತು ನೋಡಿದ ಊರುಗಳವರು ನಾವು. ಉಂಡು ಹೋದವರನ್ನೂ ಕಂಡಿದ್ದೇವೆ, ದೋಚಿ ಹೋದವರನ್ನೂ ಕಂಡಿದ್ದೇವೆ. ಇಳಿದವನು ಪರವೂರಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ.

ಸೆಕೆಯ ಮಾತಿಗೆ ಬರುತ್ತೇನೆ. ಕುಂದಾಪುರದವನಿಗೆ ಸೆಕೆಯ ಪಾಠವೇ ಎಂದು ನಗಬೇಡ. ನಿನ್ನ ಮೈ ಈಗ ಕುಂದಾಪುರದ ಮೈಯಲ್ಲ. ತಿಂಗಳುಗಟ್ಟಲೆ ಏಸಿಯಲ್ಲಿದ್ದ ಮೈ ಬೆವರುವುದನ್ನು ಮರೆತಿರುತ್ತದೆ. ಮತ್ತೆ ಸೆಕೆಗೆ ಒಗ್ಗಿಕೊಳ್ಳಲು ಅದಕ್ಕೆ ಒಂದೆರಡು ವಾರ ಬೇಕು. ನಿನ್ನ ಕೈಯಲ್ಲಿರುವುದು ಐದಾರು ಗಂಟೆ. ಕ್ರೂಸ್ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಬರುವುದು ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಿಂದ ಬೇಸಗೆಯ ತನಕ. ಡಿಸೆಂಬರ್, ಜನವರಿಯ ಮುಂಬಯಿ ಬಹಳ ಸಾಧು. ಅಕ್ಟೋಬರನ್ನೂ ಮಾರ್ಚನ್ನೂ ನಂಬಬೇಡ. ಮಾರ್ಚಿನ ಬೆಳಗ್ಗೆ ಅಲ್ಲಿ ನೆಲದ ಕಡೆಯಿಂದ ಒಣಗಾಳಿ ಬೀಸುತ್ತಿರುತ್ತದೆ. ಹೊತ್ತೇರಿದಂತೆ ಗಾಳಿ ತಿರುಗಿ ಕಡಲಿನಿಂದ ಬರತೊಡಗಿದರೆ ಊರು ಉಸಿರಾಡುತ್ತದೆ. ಆ ತಿರುವು ಮಧ್ಯಾಹ್ನದವರೆಗೆ ತಡವಾಯಿತೋ, ಪಾದರಸ 38 ಡಿಗ್ರಿ ದಾಟಿ 40ರ ಹತ್ತಿರ ಹೋಗಿ ಕೂರುತ್ತದೆ. ಗಾಳಿ ಎಲ್ಲಿಂದ ಎಂದು ನೋಡುವುದು ಗಂಗೊಳ್ಳಿ, ಕೋಡಿ, ಶಿರೂರು ಕಡೆಯ ಮನೆಗಳಲ್ಲಿ ಹುಟ್ಟಿದವರಿಗೆ ರಕ್ತದಲ್ಲೇ ಬರಬೇಕು. ಇಳಿಯುವ ಮುಂಚೆ ಡೆಕ್ಕಿನ ಬಾವುಟ ಯಾವ ಕಡೆಗೆ ಹಾರುತ್ತಿದೆ ಎಂದು ಒಮ್ಮೆ ತಲೆ ಎತ್ತಿ ನೋಡು. ಫೋನಿನ ಹವಾಮಾನಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಕಡಲೂರಿನ ಸೆಕೆ ಒದ್ದೆ ಸೆಕೆ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಆರದೆ ಸುಮ್ಮನೆ ಸುರಿಯುತ್ತದೆ. ಜೊತೆಗೆ ಉಪ್ಪೂ ಹೋಗುತ್ತದೆ. ಬರೀ ನೀರು ಗಟಗಟ ಕುಡಿದರೆ ಸಾಲದು. ಎಳನೀರು, ಉಪ್ಪು ಹಾಕಿಸಿದ ನಿಂಬೆ ಶರಬತ್ತು, ಮಜ್ಜಿಗೆ ಕುಡಿ. ಸೋಲ್‌ಕಡಿ ಸಿಕ್ಕರೆ ಬಿಡಬೇಡ, ನಮ್ಮ ಮನೆಯ ಪುನರ್ಪುಳಿಯೇ ಅದು, ತೆಂಗಿನಹಾಲು ಸೇರಿಸಿಕೊಂಡು ಕೂತಿದೆ. ರಸ್ತೆ ಬದಿಯ ಮಂಜುಗಡ್ಡೆ ಮಾತ್ರ ಬೇಡ. ಹೊಟ್ಟೆ ಕೆಟ್ಟರೆ ಹಡಗಿನ ವೈದ್ಯರು ನಿನ್ನನ್ನು ಕ್ಯಾಬಿನ್ನಿನಲ್ಲಿ ಒಬ್ಬನನ್ನೇ ಇಟ್ಟು ಬಾಗಿಲು ಹಾಕಿಸುತ್ತಾರೆ. ಅಡುಗೆಮನೆಯ ಕೆಲಸದವನಾದರೆ ಇನ್ನೂ ಕಟ್ಟುನಿಟ್ಟು. ನಡೆಯುವಾಗ ತಲೆ ತಿರುಗಿ, ವಾಕರಿಕೆ ಬಂದು, ಮಾತು ತೊದಲಿತೋ, ಅದನ್ನು ದಣಿವು ಎಂದು ತಳ್ಳಿಹಾಕಬೇಡ. ನೆರಳಿಗೆ ಹೋಗಿ ಮಲಗಿ, ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆ ಇಟ್ಟುಕೊಂಡು, ಪಕ್ಕದವರನ್ನು ಕೂಗಿ ಡಾಕ್ಟರರನ್ನು ಕರೆಸು. ಅದಕ್ಕೇ ಒಬ್ಬನೇ ಇಳಿಯಬೇಡ ಎನ್ನುವುದು. ಇಬ್ಬರು ಸಾಕು. ಐವರಾದರೆ ಎಲ್ಲಿ ಊಟ ಮಾಡುವುದು ಎಂಬ ಚರ್ಚೆಯಲ್ಲೇ ಹಡಗು ಹೊರಡುವ ಹೊತ್ತಾಗುತ್ತದೆ.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ ಗೆರೆ ಹಿಡಿದು ಹೋಗಿ ಅದೇ ಗೆರೆಯಲ್ಲಿ ಬಾ ಎಂಬುದು. ಮುಂಬಯಿಯಲ್ಲಿ ಕ್ರೂಸ್ ಹಡಗು ನಿಲ್ಲುವುದು ಬಲ್ಲಾರ್ಡ್ ಪಿಯರಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಗಿದೆ. ಬಂದರಿನ ಆವರಣದಲ್ಲಿ ಫೋನ್ ಜೇಬಿನಲ್ಲೇ ಇರಲಿ, ಅಲ್ಲಿ ಚಿತ್ರ ತೆಗೆಯುವಂತಿಲ್ಲ. ಗೇಟಿನ ಹೊರಗೆ ಟ್ಯಾಕ್ಸಿಯವರು ಮುತ್ತಿಕೊಂಡು ನಾಲ್ಕು ಗಂಟೆಯಲ್ಲಿ ಎಂಟು ಜಾಗ ತೋರಿಸುತ್ತೇನೆ ಎನ್ನುತ್ತಾರೆ. ಅವರ ಹೊಟ್ಟೆಪಾಡು ಅದು, ಬಯ್ಯಬೇಡ, ನಗುತ್ತಾ ಬೇಡ ಎಂದು ಹೇಳಿ ನಡೆ. ನಾಲ್ಕು ಗಂಟೆಯಲ್ಲಿ ಎಂಟು ಜಾಗಕ್ಕೆ ಹೋದವನು ಕಾರಿನ ಗಾಜನ್ನು ನೋಡಿ ಬರುತ್ತಾನೆ.

ಗೇಟು ದಾಟಿದ ಕೂಡಲೇ ಸಿಗುವ ಬಲ್ಲಾರ್ಡ್ ಎಸ್ಟೇಟಿನಲ್ಲಿ ನೀನು ಅಂಜಿದ ಗದ್ದಲವೇ ಇಲ್ಲ. ಒಂದೇ ಎತ್ತರದ ಕಲ್ಲಿನ ಕಟ್ಟಡಗಳು, ಮರಗಳ ನೆರಳು, ಅಗಲವಾದ ಕಾಲುದಾರಿ. ಜಾರ್ಜ್ ವಿಟೆಟ್ ಎಂಬ ವಾಸ್ತುಶಿಲ್ಪಿ ಇದನ್ನು ಒಂದನೇ ಮಹಾಯುದ್ಧದ ವರ್ಷಗಳಲ್ಲಿ ಕಟ್ಟಿಸಿದ. 1924ರಲ್ಲಿ ಮುಗಿದ ಗೇಟ್‌ವೇ ಆಫ್ ಇಂಡಿಯಾ ಕೂಡ ಅವನದೇ. ಕಡಲಿನ ಮೇಲೆ ದಿನಗಟ್ಟಲೆ ಇದ್ದು ಬಂದ ಕಿವಿಗೆ ಒಮ್ಮೆಗೇ ಹಾರನ್ನಿನ ಗದ್ದಲ ತಡೆಯುವುದಿಲ್ಲ. ಇಲ್ಲೇ ಒಂದು ಮೂಲೆಯ ಚಾ ಗಾಡಿಯ ಹತ್ತಿರ ನಿಂತು ಕಟಿಂಗ್ ಚಾ ಕುಡಿ. ಕಾಲು ಗಂಟೆ ಸುಮ್ಮನೆ ನಿಂತುಕೊ. ಆಫೀಸಿಗೆ ಹೋಗುವವರ ಹೆಜ್ಜೆ ಎಷ್ಟು ಬೀಸು, ಯಾರು ಯಾರಿಗೆ ದಾರಿ ಬಿಡುತ್ತಾರೆ, ರಸ್ತೆಯನ್ನು ಎಲ್ಲಿ ದಾಟುತ್ತಾರೆ, ಇದನ್ನೆಲ್ಲ ನೋಡಿಕೊಂಡು ಆಮೇಲೆ ಆ ಹರಿವಿಗೆ ಸೇರು. ಮುಂಬಯಿಯ ರಸ್ತೆ ದಾಟುವುದು ವಾರಾಹಿಯ ಸೆಳವಿನಲ್ಲಿ ಹೊಳೆ ದಾಟಿದ ಹಾಗೆಯೇ: ನಡುವೆ ನಿಲ್ಲಬಾರದು, ಓಡಬಾರದು, ಬಲ್ಲವನೊಬ್ಬನ ಕೆಳಬದಿಗೆ ಸೇರಿಕೊಂಡು ಒಂದೇ ನಡಿಗೆಯಲ್ಲಿ ಆಚೆ ದಡ ಸೇರಬೇಕು.

ಅಲ್ಲಿಂದ ಬೋರಿಬಂದರಿನ ಕಡೆಗೆ ನಡೆದರೆ ದೊಡ್ಡ ಅಂಚೆ ಕಚೇರಿ ಸಿಗುತ್ತದೆ. ಜನ ಅದರ ಮುಂದೆ ದಡಬಡ ದಾಟಿ ಹೋಗುತ್ತಾರೆ. ನೀನು ನಿಂತು ಅದರ ಗುಮ್ಮಟ ನೋಡು. ಜಾನ್ ಬೆಗ್ ರೂಪಿಸಿ 1913ರಲ್ಲಿ ಮುಗಿಸಿದ ಕಟ್ಟಡ ಅದು. ಗುಮ್ಮಟಕ್ಕೆ ಮಾದರಿ ನಮ್ಮ ವಿಜಾಪುರದ ಗೋಳಗುಮ್ಮಟ. ಆದಿಲ್‌ಶಾಹಿಯ ಗೋರಿಯ ನೆರಳಿನಲ್ಲಿ ಮನಿಯಾರ್ಡರ್ ಬರೆದು ಊರಿಗೆ ದುಡ್ಡು ಕಳಿಸಿದವರು ನಮ್ಮವರು ಎಷ್ಟೋ ಮಂದಿ. ಒಳಗೆ ಹೋಗಿ ಮನೆಗೆ ಒಂದು ಕಾರ್ಡು ಬರೆದು ಹಾಕು. ವಾಟ್ಸಾಪಿನ ಕಾಲದಲ್ಲಿ ಹುಚ್ಚು ಎನಿಸಬಹುದು, ಆದರೂ ಅಮ್ಮ ಅದನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿ ಇಡುತ್ತಾಳೆ.

ಪಕ್ಕದಲ್ಲೇ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಎಫ್. ಡಬ್ಲ್ಯು. ಸ್ಟೀವನ್ಸ್ 1878ರಲ್ಲಿ ಶುರು ಮಾಡಿ ಹತ್ತು ವರ್ಷ ಹಿಡಿದು ಕಟ್ಟಿದ್ದು, 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಠಾಣೆಗೆ ಹೊರಟದ್ದೂ ಈ ಬೋರಿಬಂದರಿನಿಂದಲೇ. ಹೊರಗೆ ನಿಂತು ಅದರ ಮುಂದೆ ಸೆಲ್ಫಿ ತೆಗೆಯುವವರ ನಡುವೆ ಹೊತ್ತು ಕಳೆಯಬೇಡ. ಒಳಗೆ ಹೋಗಿ ಟಿಕೇಟು ತೆಗೆದು ಲೋಕಲ್ ರೈಲು ಹತ್ತು. "ಅಯ್ಯೋ, ಲೋಕಲ್ಲಾ?" ಎಂದು ಹೆದರುವವರಿಗೆ ಒಂದು ಗುಟ್ಟು ಹೇಳುತ್ತೇನೆ. ಆ ಊರಿನ ಜನ ಬೆಳಗ್ಗೆ ತೆಂಕಕ್ಕೆ ಬರುತ್ತಾರೆ, ಸಂಜೆ ಬಡಗಕ್ಕೆ ಹೋಗುತ್ತಾರೆ. ಹಡಗಿನಿಂದ ಇಳಿದ ನೀನು ತೆಂಕ ತುದಿಯಲ್ಲಿದ್ದೀಯ. ಬೆಳಗ್ಗೆ ಹತ್ತರ ಮೇಲೆ ನೀನು ಬಡಗಕ್ಕೆ ಹೋಗುವ ರೈಲಿನಲ್ಲಿ ಕಿಟಕಿ ಸೀಟು ಸಿಗುತ್ತದೆ. ಎದುರಿನಿಂದ ಬರುವ ರೈಲಿನ ಬಾಗಿಲಲ್ಲಿ ಜನ ನೇತಾಡುತ್ತಿರುತ್ತಾರೆ. ಮಧ್ಯಾಹ್ನ ಮೂರಕ್ಕೆ ಮರಳಿದರೆ ಆಗಲೂ ನಿನ್ನದು ಖಾಲಿ ದಿಕ್ಕು. ಐದಾಯಿತೋ, ಆ ನಿಲ್ದಾಣದ ಅಂಗಳದಲ್ಲಿ ನೀನು ಪ್ರವಾಹಕ್ಕೆ ಎದುರು. ಹುಡುಗಿಯರು ಹೆಂಗಸರ ಡಬ್ಬಿಯಲ್ಲೇ ಹೋಗಲಿ, ನಿಲ್ದಾಣದಲ್ಲಿ ಅದು ಎಲ್ಲಿ ನಿಲ್ಲುತ್ತದೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ನಿಧಾನದ ಗಾಡಿ ಹತ್ತು. ಮಸ್ಜಿದ್, ಭಾಯಖಳಾ, ಪರೇಲ್, ದಾದರ್ ದಾಟಿ ಮಾಟುಂಗ. ಗಿರಣಿಗಳಿದ್ದ ಜಾಗದಲ್ಲಿ ಈಗ ಗಾಜಿನ ಗೋಪುರಗಳಿವೆ, ಕಿಟಕಿಯಿಂದ ಕಾಣುತ್ತವೆ. ಹಳೆಯ ಚಿಮಣಿ ಒಂದೋ ಎರಡೋ ಕಂಡರೆ ಅದರ ಕೆಳಗಿನ ಕ್ಯಾಂಟೀನಿನಲ್ಲಿ ನಮ್ಮೂರಿನ ಯಾರೋ ಚಾ ಮಾಡಿದ್ದಾರೆ ಎಂದು ತಿಳಿ. 2017ರಿಂದ ಮಾಟುಂಗ ನಿಲ್ದಾಣವನ್ನು ಪೂರ್ತಿ ಹೆಂಗಸರೇ ನಡೆಸುತ್ತಿದ್ದಾರೆ.

ಇಳಿದು ಪೂರ್ವದ ಕಡೆ ಹೊರಬಂದರೆ ಎದುರಿಗೇ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ನಡೆಯುತ್ತಿರುವ ಊಟದ ಮನೆ. ಮಾಳಿಗೆ ಹತ್ತಬೇಕು, ಸರದಿ ಕಾಯಬೇಕು, ಬಾಳೆಲೆಯ ಮುಂದೆ ಕೂರಬೇಕು. ಹಡಗಿನಲ್ಲಿ ನೀನು ಬೇರೆಯವರಿಗೆ ಬಡಿಸಿ ಬಡಿಸಿ, ಕೊನೆಗೆ ಸಿಬ್ಬಂದಿಯ ಮೆಸ್ಸಿನಲ್ಲಿ ಅನ್ನವೋ ಬ್ರೆಡ್ಡೋ ತಿಂದವನು. ಇಲ್ಲಿ ಕೂತು ಸಾರು ಅನ್ನ ಉಣ್ಣು. ಬಡಿಸುವವನ ಕೈ ನೋಡು. ನಿನ್ನ ಕಸುಬಿನವನು ಅವನು, ಎಲೆಯ ಮೇಲೆ ಒಂದು ತೊಟ್ಟು ಚೆಲ್ಲದ ಹಾಗೆ ಓಡುತ್ತಾ ಬಡಿಸುವ ಕೈಚಳಕಕ್ಕೆ ಯಾವ ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕನ್ನಡದಲ್ಲಿ ಮಾತಾಡಿಸು. ನಮ್ಮ ಕುಂದಾಪ್ರ ಭಾಷೆಯೇ ತಿರುಗಿ ಬಂದರೂ ಆಶ್ಚರ್ಯವಿಲ್ಲ. ಊಟವಾದ ಮೇಲಿನ ಸುಡುಹೊತ್ತನ್ನು ಕಿಂಗ್ಸ್ ಸರ್ಕಲ್ಲಿನ ಕಡೆಯ ಮರಗಳ ಕೆಳಗೆ ಕಳೆ. ಹೂವಿನ ಅಂಗಡಿ, ಕಾಫಿಪುಡಿ ಅಂಗಡಿ, ದೇವಸ್ಥಾನಗಳ ಸಾಲು. ನೋಡಲೇಬೇಕಾದ್ದು ಏನೂ ಇಲ್ಲ, ಅದಕ್ಕೇ ಹೋಗು ಎನ್ನುವುದು.

ಬರೀ ಮೂರು ನಾಲ್ಕು ಗಂಟೆ ಸಿಕ್ಕಿದ್ದರೆ ಮಾಟುಂಗ ಬಿಟ್ಟುಬಿಡು. ಬೋರಿಬಂದರಿನ ನಿಲ್ದಾಣದಿಂದ ನಡೆಯುವ ದೂರದಲ್ಲಿ 1869ರ ಕ್ರಾಫರ್ಡ್ ಮಾರುಕಟ್ಟೆಯಿದೆ, ಅದರ ಹತ್ತಿರ ಜೆ. ಜೆ. ಕಲಾಶಾಲೆ. ಉಡುಪಿಯ ಕಡೆಯ ಕಟ್ಟಿಂಗೇರಿಯ ಚಿತ್ರಕಾರ ಕೃಷ್ಣ ಹೆಬ್ಬಾರರು ಓದಿದ್ದೂ ಆಮೇಲೆ ಪಾಠ ಹೇಳಿದ್ದೂ ಅಲ್ಲಿ. ಕೊಲಾಬಾದ ಕಡೆ ಹೋಗಬೇಕೆಂದಿಲ್ಲ, ಅಲ್ಲಿನ ಅಂಗಡಿ ಸಾಲಿನಲ್ಲಿ ಸಿಗುವ ಚೀಲ, ಸರ, ಕನ್ನಡಕ ಎಲ್ಲ ಕಡೆಯೂ ಸಿಗುತ್ತವೆ.

ಈಗ ಗಡಿಯಾರದ ಮಾತು. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಒಂದೇ ಎಂದು ನಂಬಿದವರು ಕೆಟ್ಟಿದ್ದಾರೆ. ಕೊಲ್ಲಿಯ ಕಡೆಯಿಂದ ಬಂದ ಹಡಗು ಕೆಲವೊಮ್ಮೆ ತನ್ನ ಹಳೆಯ ಹೊತ್ತನ್ನೇ ಇಟ್ಟುಕೊಂಡಿರುತ್ತದೆ. ನಿನ್ನ ಫೋನು ಮಾತ್ರ ದಡದ ಸಿಗ್ನಲ್ ಸಿಕ್ಕಿದೊಡನೆ ತಾನೇ ಬದಲಾಗಿಬಿಡುತ್ತದೆ. ಕೈಗೆ ಒಂದು ಅಗ್ಗದ ವಾಚು ಕಟ್ಟು, ಹಡಗಿನ ಹೊತ್ತಿಗೆ ಇಟ್ಟುಕೊ, ಅದನ್ನು ಮುಟ್ಟಬೇಡ. ಸಿಬ್ಬಂದಿ ಮರಳಬೇಕಾದ ಹೊತ್ತು ಪ್ರಯಾಣಿಕರಿಗಿಂತ ಮುಂಚೆ ಎಂಬುದು ನಿನಗೆ ಗೊತ್ತೇ ಇದೆ. ಮುಂಬಯಿಯಲ್ಲಿ ಅದಕ್ಕಿಂತಲೂ ಒಂದು ಗಂಟೆ ಮೊದಲೇ ಬಲ್ಲಾರ್ಡ್ ಎಸ್ಟೇಟಿನಲ್ಲಿರು. ಹಡಗಿನ ಗುರುತಿನ ಚೀಟಿ, ಶೋರ್ ಪಾಸು ಒಳಜೇಬಿನಲ್ಲಿರಲಿ, ಪರ್ಸಿನಲ್ಲಿ ಬೇಡ. ಪರ್ಸು ಹೋದರೆ ದುಡ್ಡು ಹೋಗುತ್ತದೆ, ಆ ಚೀಟಿ ಹೋದರೆ ಗೇಟಿನ ಹೊರಗೆ ನಿಂತು ಹಡಗು ಹೊರಡುವುದನ್ನು ನೋಡಬೇಕು. ಪ್ರಯಾಣಿಕರು ತಡವಾದರೆ ಹೆಸರು ಕೂಗುತ್ತಾರಂತೆ. ಪಾತ್ರೆ ತೊಳೆಯುವವನಿಗೆ ಯಾರೂ ಕೂಗುವುದಿಲ್ಲ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕೆಂದಿರುವುದು. ಹಡಗಿನ ಪ್ರವಾಸದ ಪಟ್ಟಿಯಲ್ಲಿ ಮಹಾಲಕ್ಷ್ಮಿಯ ಧೋಬಿಘಾಟ್ ಇರುತ್ತದೆ, ಧಾರಾವಿ ಇರುತ್ತದೆ, ಚರ್ಚ್‌ಗೇಟಿನ ಡಬ್ಬಾವಾಲಾಗಳು ಇರುತ್ತಾರೆ. ಸೇತುವೆಯ ಮೇಲೆ ಸಾಲಾಗಿ ನಿಂತು ಕೆಳಗೆ ಬಟ್ಟೆ ಒಗೆಯುವವರ ಚಿತ್ರ ತೆಗೆಯುತ್ತಾರೆ. ನೀನು ಹಡಗಿನ ತಳದಲ್ಲಿ ಮೂರು ಸಾವಿರ ಟವೆಲುಗಳ ನಡುವೆ ಬೆವರುವಾಗ ಯಾರಾದರೂ ಬಾಗಿಲು ತೆರೆದು, ಕೇಳದೆ, ಕ್ಯಾಮೆರಾ ಹಿಡಿದು, ಪಾಪ ಎಂದು ಹೇಳಿ ಬಾಗಿಲು ಮುಚ್ಚಿ ಹೋದರೆ ನಿನಗೆ ಹೇಗಾಗುತ್ತದೆ? ನೀನು ಆ ಸೇತುವೆಯ ಮೇಲೆ ನಿಲ್ಲಬೇಡ. ಧಾರಾವಿಗೆ ಹೋಗುವುದಾದರೆ ಕುಂಬಾರವಾಡದಲ್ಲಿ ಒಂದು ಹಣತೆಯನ್ನೋ, ಚರ್ಮದ ಅಂಗಡಿಯಲ್ಲಿ ಒಂದು ಬೆಲ್ಟನ್ನೋ ಕೊಳ್ಳುವ ಗಿರಾಕಿಯಾಗಿ ಹೋಗು. ಡಬ್ಬಾವಾಲಾಗಳು 1890ರಿಂದ ಆ ಕೆಲಸ ಮಾಡುತ್ತಿರುವವರು. ತಲೆಯ ಮೇಲೆ ಡಬ್ಬಿಗಳ ಹಲಗೆ ಹೊತ್ತು ಬರುವವನಿಗೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುವುದೇ ನೀನು ತೋರಬಹುದಾದ ಗೌರವ. ಅವನ ಹನ್ನೊಂದೂವರೆಯ ನಿಮಿಷಕ್ಕೆ ಬೆಲೆ ಎಷ್ಟೆಂದು ಹನ್ನೆರಡಕ್ಕೆ ಬಫೆ ತೆರೆಯುವ ನಿನಗಿಂತ ಚೆನ್ನಾಗಿ ಬಲ್ಲವರು ಯಾರು?

ಮರಳಿ ಬಂದ ಮೇಲೆ ಪ್ರಯಾಣಿಕರು ನಿನ್ನನ್ನು ಕೇಳುತ್ತಾರೆ. ಊಟದ ಮೇಜಿನಲ್ಲಿ ನೀರು ಹಾಕುವಾಗ, ನಿನ್ನ ದೇಶ ಇಷ್ಟು ಬಿಸಿಯೇ, ಇಷ್ಟು ಗಲೀಜೇ, ಇಷ್ಟು ಜನವೇ ಎಂದು. ಮುಖ ಕೆಂಪಾಗುವುದು ಬೇಡ, ಹಲ್ಲುಗಿಂಜಿ ಹೌದು ಹೌದು ಎನ್ನುವುದೂ ಬೇಡ. ಬಿಸಿ ಹೌದು, ಬೆಳಗ್ಗೆ ಎಂಟಕ್ಕೆ ಇಳಿದಿದ್ದರೆ ತಂಪಿತ್ತು ಎಂದು ಹೇಳು. ಜನ ಹೌದು, ಅವರಲ್ಲಿ ನೀವು ದಾರಿ ಕೇಳಿದ್ದರೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು ಎಂದು ಹೇಳು. ಗಲೀಜು ಇದ್ದಲ್ಲಿ ಇದೆ. ನೀನು ಇಳಿಯದೆ ಮಲಗಿದ್ದರೆ ಈ ಮೂರು ಮಾತೂ ನಿನ್ನ ಬಾಯಿಂದ ಬರುತ್ತಿರಲಿಲ್ಲ. ಇಳಿಯುವ ಮುಂಚೆ ಕೇಳಿದವರಿಗೆ ಉಪಯೋಗದ ಮಾತು ಹೇಳು: ಹತ್ತಿ ಬಟ್ಟೆ, ತಲೆಗೆ ಟೊಪ್ಪಿ, ದೇವಸ್ಥಾನಕ್ಕೆ ಹೋಗುವುದಾದರೆ ತೋಳು ಮುಚ್ಚಿದ ಅಂಗಿ, ಸುಲಭವಾಗಿ ಬಿಚ್ಚಿಡಬಹುದಾದ ಚಪ್ಪಲಿ, ನಡು ಮಧ್ಯಾಹ್ನ ನೆರಳು. ಮುದುಕರು ಇದ್ದರೆ ಉಪ್ಪು ಸಕ್ಕರೆಯ ಒಂದು ಪೊಟ್ಟಣ ಕೈಗೆ ಕೊಡು.

ಕೊನೆಗೆ ಮಂಗಳೂರು. ಕೆಲವು ಹಡಗುಗಳು ಪಣಂಬೂರಿನ ನವಮಂಗಳೂರು ಬಂದರಿಗೂ ಬರುತ್ತವೆ. ಪ್ರಯಾಣಿಕರನ್ನು ಬಸ್ಸಿನಲ್ಲಿ ಕೂರಿಸಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೋ, ಕುದ್ರೋಳಿಗೋ, ಆಂಟೋನಿಯೊ ಮೊಶೆನಿ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲಿಗೋ ಕರೆದೊಯ್ಯುತ್ತಾರೆ. ನಿನಗೆ ಅದೆಲ್ಲ ಶಾಲೆಯ ಪ್ರವಾಸದಲ್ಲಿ ಕಂಡದ್ದು. ನಿನ್ನ ತಲೆಯಲ್ಲಿ ಓಡುವುದು ಒಂದೇ ಲೆಕ್ಕ: ಕುಂದಾಪುರಕ್ಕೆ ಒಂದೂವರೆ ಗಂಟೆ, ಹೋಗಿ ಬರಬಹುದಲ್ಲ? ಬೇಡ. ಹೆದ್ದಾರಿ 66ರ ಮೇಲೆ ಲಾರಿ ಒಂದು ಅಡ್ಡ ಬಿದ್ದರೆ ನಿನ್ನ ಒಂದೂವರೆ ಗಂಟೆ ಮೂರಾಗುತ್ತದೆ. ಬೈಂದೂರಿನವನಾದರಂತೂ ಯೋಚಿಸಲೇ ಬೇಡ. ಮನೆಯವರನ್ನೇ ಅಲ್ಲಿಗೆ ಬರಹೇಳು. ಪಾಸಿಲ್ಲದೆ ಬಂದರಿನೊಳಗೆ ಅವರನ್ನು ಬಿಡುವುದಿಲ್ಲ. ಗೇಟಿನ ಹತ್ತಿರ ಬಿಸಿಲಲ್ಲಿ ಕಾಯಿಸಬೇಡ. ಪಣಂಬೂರು ಕಡಲತೀರದ ಕಡೆಗೋ, ನೆಂಟರ ಮನೆಗೋ ಬರಲಿ. ಹಡಗು ತಡವಾಗಿ ಬಂದು ಇಳಿಯಲು ಬಿಡದಿದ್ದರೆ ಸಿಟ್ಟು ಮಾಡಿಕೊಳ್ಳಬಾರದೆಂದು ಮೊದಲೇ ಹೇಳಿ ಇಡು, ಅಂಥದ್ದು ಆಗುತ್ತದೆ. ಕೋಳಿ ಸುಕ್ಕ, ಗಟ್ಟಿ ಎಂದು ಅಮ್ಮ ಡಬ್ಬಿ ಕಟ್ಟಿ ತಂದೇ ತರುತ್ತಾಳೆ. ಅದನ್ನು ಹಡಗಿಗೆ ಒಯ್ಯಲು ಬಿಡುವುದಿಲ್ಲ, ಗ್ಯಾಂಗ್‌ವೇಯಲ್ಲಿ ತೆಗೆದು ಕಸದ ಬುಟ್ಟಿಗೆ ಹಾಕಿಸುತ್ತಾರೆ. ಅವಳಿಗೆ ಅದನ್ನು ಹೇಳಲು ಹೋಗಬೇಡ. ಅಲ್ಲೇ ಕೂತು ಪೂರ್ತಿ ಉಂಡು, ಡಬ್ಬಿ ತೊಳೆದು ವಾಪಸ್ ಕೊಟ್ಟು, ಸಂಜೆಯ ಪಾಳಿಗೆ ಹೋಗು.